ಗೇಟಿನಲ್ಲಿ ಎಣಿಸಿದ ಕಾರುಗಳು ಆಮೇಲೆ ನಿಲ್ಲುವುದೆಲ್ಲಿ? ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮುಳ್ಳಯ್ಯನಗಿರಿ ಬೆಟ್ಟಕ್ಕೆ ಹತ್ತುವ ಗಿರಿ ರಸ್ತೆಯವನು. ಅಂದ್ರೆ ಪ್ರವಾಸಿಗರು ಸೆಲ್ಫಿಗೆ ಅಂತ ಕಾರು ನಿಲ್ಲಿಸುವ ರಸ್ತೆಯಲ್ಲೇ ನನ್ನ ಮನೆ. ಮನೆ ಹಿಂದೆ ಮೂರು ಎಕರೆ ಅರೇಬಿಕಾ ಕಾಫಿ. ಅರ್ಜಿ ಕೊಟ್ಟಾಯ್ತು, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದೂ ಆಯ್ತು. ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಹಾಗಾಗಿ ಈ ಸಲ ನಾಲ್ಕು ಜನ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ಶನಿವಾರ, ಭಾನುವಾರ ಮತ್ತು ರಜೆಯ ದಿನ ಪ್ರವಾಸಿಗರ ಕಾರು ಬೆಟ್ಟದ ಬುಡದಲ್ಲೇ ನಿಲ್ಲಲಿ. ಅಲ್ಲಿಂದ ಮುಂದಕ್ಕೆ ಜನ ಸರ್ಕಾರಿ ಮಿನಿ ಬಸ್ಸಿನಲ್ಲಿ ಹೋಗಲಿ.

2025ರ ಸೆಪ್ಟೆಂಬರ್‌ನಲ್ಲಿ ಗಿರಿ ಹತ್ತುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ಬುಕಿಂಗ್ ಶುರುವಾದಾಗ ನಾವೂ ಖುಷಿಪಟ್ಟವರೇ. ಬೆಳಿಗ್ಗೆ 600 ವಾಹನ, ಮಧ್ಯಾಹ್ನದ ಮೇಲೆ 600 ವಾಹನ. ಅಂತೂ ಒಂದು ಲೆಕ್ಕ ಬಂತಲ್ಲ ಅಂದುಕೊಂಡೆವು. ಆದರೆ ತಾವೇ ಒಮ್ಮೆ ಕೂಡಿ ನೋಡಿ. ಒಂದು ಕಾರು ಸುಮಾರು ನಾಲ್ಕು ಮೀಟರ್ ಉದ್ದ. 600 ಕಾರನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ 2.4 ಕಿಲೋಮೀಟರ್ ಸಾಲು. ನಮ್ಮದು ಎರಡು ಕಾರು ಎದುರುಬದುರಾದರೆ ಒಂದು ಚರಂಡಿಗೆ ಇಳಿಯಬೇಕಾದ ರಸ್ತೆ. ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, 1,930 ಮೀಟರ್. ಎತ್ತರ ಇದೆ, ಸರಿ. ಜಾಗ ಎಲ್ಲಿದೆ? ತುದಿಯಲ್ಲಿ ಒಂದು ದೇವಸ್ಥಾನ, ಅದರ ಸುತ್ತ ಒಂದಿಷ್ಟು ನೆಲ, ಕೆಳಗೆ ಮೆಟ್ಟಿಲು. ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿ ಹತ್ತಿರ ಒಂದಿಷ್ಟು ಕಾರು ಹಿಡಿಸಬಹುದು. ಮಿಕ್ಕವು ಎಲ್ಲಿಗೆ ಹೋಗುತ್ತವೆ? ತಿರುವಿನಲ್ಲಿ ನಿಲ್ಲುತ್ತವೆ, ಮೋರಿ ಮೇಲೆ ನಿಲ್ಲುತ್ತವೆ, ನಮ್ಮ ಗೇಟಿನ ಮುಂದೆ ನಿಲ್ಲುತ್ತವೆ.

ಬೆಳಿಗ್ಗೆ ಹತ್ತಿದವರು ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೆದ ಹಾಗೆ ಇಳಿದುಬಿಡುತ್ತಾರೆ ಅಂತ ಯಾರು ಲೆಕ್ಕ ಹಾಕಿದರೋ ಗೊತ್ತಿಲ್ಲ. ಮೋಡ ಮುಚ್ಚಿದ್ದರೆ ಮೋಡ ಸರಿಯುವ ತನಕ ಕಾಯುತ್ತಾರೆ. ಮೋಡ ಸರಿದ ಮೇಲೆ ಫೋಟೊ ತೆಗೆಯುತ್ತಾರೆ. ಅಷ್ಟರಲ್ಲಿ ಮಧ್ಯಾಹ್ನದವರು ಹತ್ತಿ ಬಂದಿರುತ್ತಾರೆ. ಇಳಿಯುವವರು, ಹತ್ತುವವರು ಇಬ್ಬರೂ ನಮ್ಮ ಮನೆ ಮುಂದೆ ಸೇರಿ ಹಾರ್ನ್ ಹೊಡೆಯುತ್ತಾರೆ.

ಈಗ ಆ ಶನಿವಾರದ ಕಥೆ ಕೇಳಿ. ಉದ್ದ ಆಗುತ್ತೆ, ಆದರೂ ಕೇಳಿ. ಪತ್ರ ಬರೆಯಲು ಕೂರಿಸಿದ್ದೇ ಅದು.

ಕ್ರಿಸ್‌ಮಸ್ ರಜೆ. ತೋಟದಲ್ಲಿ ಕುಯ್ಲು. ಆಳು ಸಿಗುವುದೇ ಕಷ್ಟ, ಸಿಕ್ಕವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಟ್ಟು ಕುಯ್ಸಿದ್ದೆ. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪ್ ಮಾಡಬೇಕು, ಅಂದ್ರೆ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಬೇಕು. ಕಾಫಿ ಜಿಲ್ಲೆಯ ಆಡಳಿತ ನಡೆಸುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನನ್ನ ಹತ್ತಿರ ಪಲ್ಪರ್ ಇಲ್ಲ. ಕೆಳಗೆ ನಮ್ಮ ಭಾವನವರ ತೋಟದಲ್ಲಿದೆ, ಅಲ್ಲಿಗೆ ಪಿಕಪ್‌ನಲ್ಲಿ ಕಳಿಸುತ್ತೇನೆ. ನಾಲ್ಕು ಗಂಟೆ ಹೊತ್ತಿಗೆ ತೂಕ ಮುಗಿದು ಚೀಲಗಳೆಲ್ಲ ಪಿಕಪ್ ಹತ್ತಿದವು. ಗೇಟು ತೆಗೆದರೆ ಅಡ್ಡಕ್ಕೆ ಒಂದು ಬಿಳಿ ಕಾರು. ಒಂದು ಬದಿಗೂ ಅಲ್ಲ, ಸರಿಯಾಗಿ ನಡುವೆ.

ಒಳಗೆ ಯಾರೂ ಇಲ್ಲ. ಗಾಜಿನ ಹಿಂದೆ ಒಂದು ಚೀಟಿ, ಅದರಲ್ಲಿ ಫೋನ್ ನಂಬರ್. ಪರವಾಗಿಲ್ಲ, ಮರ್ಯಾದಸ್ಥರು ಅಂದುಕೊಂಡು ಫೋನ್ ಮಾಡಿದೆ. ‘ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.’ ಗಿರಿ ಮೇಲೆ ನೆಟ್‌ವರ್ಕ್ ಎಲ್ಲಿ ಸಿಗಬೇಕು? ಆ ಹೆಣ್ಣುಮಗಳ ದನಿಯನ್ನು ಅವತ್ತು ಎಷ್ಟು ಸಲ ಕೇಳಿದೆನೋ.

ಆಮೇಲೆ ಒಂದು ಸರ್ಕಾರಿ ನಂಬರಿಗೆ ಫೋನ್ ಮಾಡಿದೆ. ಯಾವ ಕಚೇರಿ ಅನ್ನುವುದು ಬೇಡ, ಪಾಪ, ಎತ್ತಿದವರು ಮರ್ಯಾದೆಯಿಂದಲೇ ಮಾತಾಡಿದರು. ‘ಸಾರ್, ಗಾಡಿ ಎಳೆಯೋ ಕ್ರೇನ್ ಕಳಿಸಬಹುದಿತ್ತು. ಆದ್ರೆ ಮೇಲೆ ಜಾಮ್ ಆಗಿದೆಯಲ್ಲ, ಬರಕ್ಕಾಗಲ್ಲ’ ಅಂದರು. ನಾನು ಏನು ಹೇಳಲಿ? ಜಾಮ್ ತೆಗೆಯುವ ಗಾಡಿ ಜಾಮ್ ಇರುವುದರಿಂದ ಬರುವುದಿಲ್ಲ. ಫೋನ್ ಇಟ್ಟು ನಕ್ಕುಬಿಟ್ಟೆ. ನನ್ನ ಹೆಂಡತಿಗೆ ಗಾಬರಿ ಆಯ್ತು.

ಕಾರಿನವರು ಬಂದಾಗ ಕತ್ತಲಾಗಿತ್ತು. ನಾಲ್ಕು ಜನ ಹುಡುಗರು, ನಡೆದು ಸುಸ್ತಾಗಿದ್ದರು. ‘ಸಾರಿ ಅಂಕಲ್, ಎಲ್ಲೂ ಜಾಗ ಸಿಗ್ಲಿಲ್ಲ’ ಅಂದ ಒಬ್ಬ. ಅದನ್ನಾದರೂ ಒಪ್ಪಬಹುದು, ಅವನು ಹೇಳಿದ್ದು ನಿಜವೇ. ಇನ್ನೊಬ್ಬ ಬಾಗಿಲು ತೆಗೆಯುತ್ತಾ, ‘ಗೇಟಿಗೆ ಒಂದು ನೋ ಪಾರ್ಕಿಂಗ್ ಬೋರ್ಡ್ ಹಾಕ್ಬೇಕಲ್ವಾ ಅಂಕಲ್’ ಅಂದ. ಬೋರ್ಡ್ ಇದೆ ಸ್ವಾಮಿ. ಅವರ ಕಾರಿನ ಹಿಂದೆ ಮರೆಯಾಗಿತ್ತು.

ಪಿಕಪ್ ಭಾವನವರ ತೋಟ ಮುಟ್ಟುವ ಹೊತ್ತಿಗೆ ಅವರು ಪಲ್ಪರ್ ತೊಳೆದಿಟ್ಟು ಮಲಗಿದ್ದರು. ಬೆಳಿಗ್ಗೆ ಚೀಲದೊಳಗೆ ಕೈ ಹಾಕಿದರೆ ಬಿಸಿ. ಹುಳಿ ವಾಸನೆ. ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಆಗಬೇಕಿದ್ದ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಹರವಿ ಚೆರಿ ಮಾಡಿಕೊಂಡೆ. ಎರಡರ ರೇಟಿಗೂ ಎಷ್ಟು ವ್ಯತ್ಯಾಸ ಅಂತ ಯಾವ ವ್ಯಾಪಾರಿಯನ್ನಾದರೂ ಕೇಳಿ. ವರ್ಷಕ್ಕೆ ಒಂದು ಬೆಳೆ ನಮಗೆ. ಆ ಹುಡುಗರಿಗೆ ಪ್ರತಿ ಶನಿವಾರವೂ ಒಂದು ಬೆಟ್ಟ ಇದೆ.

ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಸಿಟ್ಟಿರುವುದು ಜಾಗ ಇಲ್ಲ ಅಂತ ಗೊತ್ತಿದ್ದೂ ಮೇಲೆ ಬಿಟ್ಟಿದ್ದಕ್ಕೆ. ಟಿಕೆಟ್ ಕೊಟ್ಟು ಒಳಗೆ ಕಳಿಸಿದ ಮೇಲೆ ಸೀಟು ತೋರಿಸುವುದು ಯಾರ ಕೆಲಸ?

ಮೋಟಾರು ವಾಹನ ಕಾಯ್ದೆ ತಮಗೆ ಬಾಯಿಪಾಠ ಇರುತ್ತೆ. ಬೇರೆಯವರಿಗೆ ತೊಂದರೆ ಆಗುವಂತೆ ಗಾಡಿ ಬಿಟ್ಟು ಹೋಗಬಾರದು ಅಂತ 122ನೇ ಸೆಕ್ಷನ್. ಹಾಗೆ ಬಿಟ್ಟಿದ್ದನ್ನು ಎಳೆದುಕೊಂಡು ಹೋಗಬಹುದು ಅಂತ 127. ಯಾವ ರಸ್ತೆಯಲ್ಲಿ ಯಾವ ವಾಹನ ಓಡಬಾರದು ಅಂತ ನಿರ್ಬಂಧಿಸಲು 115. ಕಾನೂನಿಗೇನೂ ಬರ ಇಲ್ಲ. ಮನಸ್ಸು ಮಾಡಿದರೆ ಏನು ಮಾಡಬಹುದು ಅಂತಲೂ ನೋಡಿದ್ದೇವೆ. ದತ್ತ ಜಯಂತಿ ಬಂದಾಗ ಕೆಲವು ದಿನ ಒಬ್ಬ ಪ್ರವಾಸಿಗನೂ ಮೇಲೆ ಬರದಂತೆ ನಿಲ್ಲಿಸುತ್ತೀರಿ. ಆಗ ಬ್ಯಾರಿಕೇಡ್ ಸಿಗುತ್ತೆ, ಸಿಬ್ಬಂದಿ ಸಿಗುತ್ತಾರೆ, ಆದೇಶವೂ ಬೇಗ ಹೊರಡುತ್ತೆ. ಮಾಮೂಲಿ ಭಾನುವಾರಕ್ಕೆ ಮಾತ್ರ ಏನೂ ಸಿಗುವುದಿಲ್ಲ.

ಬಸ್ಸಿನ ಮಾತು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಗುಂಡ್ಲುಪೇಟೆ ಕಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆಲ್ಲ ಗೊತ್ತು. ಸ್ವಂತ ಗಾಡಿ ಬುಡದಲ್ಲೇ ಬಿಡಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಅದು ಬಂಡೀಪುರದ ಹುಲಿ ಕಾಡು, ಕಾಯ್ದೆ ಬೇರೆ ಅಂತೀರಿ. ಇರಲಿ. ಬಸ್ಸು ಓಡುವುದು ಟಯರ್ ಮೇಲೆ, ಕಾಯ್ದೆ ಮೇಲಲ್ಲ. ಅಲ್ಲಿ ಯಾರೂ ‘ನನ್ನ ಕಾರು ಬಿಡದಿದ್ದರೆ ದೇವರನ್ನೇ ನೋಡಲ್ಲ’ ಅಂತ ವಾಪಸ್ ಹೋಗಿದ್ದನ್ನು ನಾನಂತೂ ಕಂಡಿಲ್ಲ.

ಪಕ್ಕದ ರಾಜ್ಯವನ್ನೂ ನೋಡಿ. ಊಟಿ, ಕೊಡೈಕೆನಾಲ್‌ಗೆ 2024ರ ಮೇ 7ರಿಂದ ಇ-ಪಾಸ್ ಬಂತು. ಅದಕ್ಕೂ ಮದ್ರಾಸ್ ಹೈಕೋರ್ಟ್ ಹೇಳಬೇಕಾಯ್ತು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ ಅಂತ ಮಿತಿ ಹಾಕಿದರು. ಆದರೆ ಆ ಜಿಲ್ಲೆಯಲ್ಲೇ ನೋಂದಣಿಯಾದ ಗಾಡಿಗೆ ಇ-ಪಾಸಿನ ಗೋಜಿಲ್ಲ. ನಾವೂ ಅದನ್ನೇ ಕೇಳುತ್ತಿರುವುದು. ಗಿರಿ ಮೇಲಿನ ಮನೆಯವರಿಗೆ, ತೋಟದ ಗಾಡಿಗಳಿಗೆ ಒಂದು ಸ್ಟಿಕ್ಕರ್ ಕೊಡಿ. ಸಾರು ಆರುವ ಮುಂಚೆ ನಮ್ಮ ಮನೆಗೆ ನಾವು ಸೇರಬೇಕು, ಅಷ್ಟೇ.

ಹೋಮ್‌ಸ್ಟೇಯವರು, ಜೀಪಿನವರು ಗಲಾಟೆ ಮಾಡುತ್ತಾರೆ ಅಂತ ತಮಗೆ ಯಾರಾದರೂ ಕಿವಿ ಊದಿರಬಹುದು. ನಮ್ಮ ಅಣ್ಣನ ಮಗನದೇ ಹೋಮ್‌ಸ್ಟೇ ಇದೆ. ರೂಮ್ ಬುಕ್ ಮಾಡಿದವರನ್ನು ಬಿಡಿ, ಅವರು ಗಾಡಿಯನ್ನು ಹೋಮ್‌ಸ್ಟೇ ಅಂಗಳದಲ್ಲೇ ಇಡುತ್ತಾರೆ. ಜೀಪಿನವರಿಗೆ ಬಸ್ಸಿನ ಜೊತೆ ಸರದಿ ಮೇಲೆ ಟ್ರಿಪ್ ಕೊಡಿ, ರೇಟು ಬೋರ್ಡಿನಲ್ಲಿ ಬರೆಸಿ. ಅವರಿಗೂ ಜಾಮ್‌ನಲ್ಲಿ ಡೀಸೆಲ್ ಸುಡುವುದಕ್ಕಿಂತ ನಾಲ್ಕು ಟ್ರಿಪ್ ಜಾಸ್ತಿ ಹೊಡೆಯುವುದೇ ಲಾಭ.

2022ರಲ್ಲಿ ನೀಲಕುರಿಂಜಿ ಅರಳಿದಾಗ ಈ ಬೆಟ್ಟದ ಹೆಸರು ಎಲ್ಲರ ಮೊಬೈಲಿಗೂ ಹೋಯ್ತು. ಆಮೇಲೆ ಹೂವು ಉದುರಿತು, ಕಾರು ಉದುರಲಿಲ್ಲ. ಹೊನ್ನಮ್ಮನ ಹಳ್ಳದ ಹತ್ತಿರ ಭಾನುವಾರ ನಿಂತು ನೋಡಿ. ನೀರು ನೋಡಲು ನಿಲ್ಲಿಸಿದ ಗಾಡಿಗಳ ನಡುವೆ ನಮ್ಮೂರ ಬಸ್ಸು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ನಿಂತಿರುತ್ತೆ. ಸಂತೆ ಚೀಲ ಹಿಡಿದ ಹೆಂಗಸರು ಇಳಿದು ನಡೆಯುತ್ತಾರೆ. ಆಂಬುಲೆನ್ಸ್ ಸಿಕ್ಕಿಕೊಂಡ ಸುದ್ದಿ ಬರೆಯಲು ಪತ್ರಿಕೆಯವರಿದ್ದಾರೆ, ನಾನು ಬರೆಯುವುದಿಲ್ಲ. ಮಳೆಗಾಲದಲ್ಲಿ ಇದೇ ರಸ್ತೆಯ ಅಂಚು ಕುಸಿಯುತ್ತೆ ಅನ್ನುವುದು ತಮ್ಮ ಕಡತದಲ್ಲೇ ಇರುತ್ತೆ. ಅದೇ ಅಂಚಿನ ಮೇಲೆ ಕಾರು ನಿಲ್ಲಿಸಲು ಬಿಡುವುದು ಎಲ್ಲಿಯ ನ್ಯಾಯ?

ದಯವಿಟ್ಟು ‘ಹೆಚ್ಚುವರಿ ಪಾರ್ಕಿಂಗ್’ ಅಂತ ಮೇಲೆ ಗುಡ್ಡ ಅಗೆಯಲು ಮಾತ್ರ ಹೋಗಬೇಡಿ. ಹುಲ್ಲುಗಾವಲು ಹೋದರೆ ವಾಪಸ್ ಬರುವುದಿಲ್ಲ. ಅಗೆದ ಜಾಗವೂ ಆರು ತಿಂಗಳಲ್ಲಿ ತುಂಬುತ್ತೆ. ಪಾರ್ಕಿಂಗ್ ಬೇಕಿರುವುದು ಕೆಳಗೆ. ಬಸ್ಸು ಬೇಕಿರುವುದು ಮೇಲಕ್ಕೆ. ಇದನ್ನು ಇನ್ನೂ ಎಷ್ಟು ಥರ ಹೇಳಬೇಕು?

ಒಂದು ಭಾನುವಾರ ತಾವೇ ಬನ್ನಿ. ಸರ್ಕಾರಿ ಕಾರು ಬೇಡ, ಸೈರನ್ ಬೇಡ, ಮುಂದೆ ದಾರಿ ಬಿಡಿಸುವ ಪೊಲೀಸರೂ ಬೇಡ. ಎಲ್ಲರ ಹಾಗೆ ಬುಕ್ ಮಾಡಿ, ಹನ್ನೊಂದು ಗಂಟೆಗೆ ಹತ್ತಿ. ಪಾರ್ಕಿಂಗ್ ಸಿಗದಿದ್ದರೆ ನಮ್ಮ ಗೇಟಿನ ಮುಂದೆ ಮಾತ್ರ ಹಾಕಬೇಡಿ. ಹಾರ್ನ್ ಮಾಡಿ, ಗೇಟು ತೆಗೆಯುತ್ತೇನೆ. ಒಳಗೆ ನಿಲ್ಲಿಸಿ ಕಾಫಿ ಕುಡಿದು ಹೋಗಿ.

ನವೆಂಬರ್‌ನಲ್ಲಿ ಮತ್ತೆ ಹಣ್ಣು ಕೆಂಪಾಗುತ್ತೆ. ಅಷ್ಟರೊಳಗೆ ಬಸ್ಸು ಯಾವ ತಾರೀಕಿನಿಂದ ಓಡುತ್ತೆ, ಕಾರು ಎಲ್ಲಿ ನಿಲ್ಲುತ್ತೆ, ನಮ್ಮ ಸ್ಟಿಕ್ಕರ್ ಯಾವ ಕಚೇರಿಯಲ್ಲಿ ಸಿಗುತ್ತೆ, ಈ ಮೂರನ್ನು ಬರೆದು ಒಂದು ಆದೇಶ ಹೊರಡಿಸಿ. ಸಭೆ ಕರೆಯುವುದಾದರೆ ವಾರದ ದಿನ ಕರೆಯಿರಿ. ಶನಿವಾರ, ಭಾನುವಾರ ನಮಗೆ ಪೇಟೆಗೆ ಇಳಿಯಲು ಆಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗಿರಿ ರಸ್ತೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ