ಮ್ಯಾಟ್ರಿಕ್ಸ್ ಪಾಠಕ್ಕೆ ಮಳೆ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ನಾನು ಡಿಪ್ಲೊಮಾ ಮಕ್ಕಳಿಗೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಮ್ಯಾಟ್ರಿಕ್ಸ್‌ನ (ಅಂಕಿಗಳ ಕೋಷ್ಟಕದ) ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲಿನ ಗರಿಷ್ಠ ಅಂಕಿ ಹುಡುಕುವ ಪ್ರೋಗ್ರಾಂ ಎಲ್ಲರ ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲೂ ಇರುತ್ತದೆ. ಆದರೆ ಕೊಡುವ ಅಂಕಿಗಳು ಸುಮ್ನೆ 1ರಿಂದ 9. ಅದರಲ್ಲಿ ದೊಡ್ಡದು ಯಾವುದು ಅಂತ ತಿಳಿದು ಮಕ್ಕಳಿಗೆ ಏನಾಗಬೇಕು?

ಮಳೆಯ ಕೋಷ್ಟಕ ಕೊಡಿ. ಅಡ್ಡಸಾಲಿಗೆ ಒಂದೊಂದು ಊರು: ಆಗುಂಬೆ, ಮಂಗಳೂರು, ಕೋಲಾರ. ಕಂಬಸಾಲಿಗೆ ಒಂದೊಂದು ತಿಂಗಳು. ಅಡ್ಡಸಾಲಿನ ಗರಿಷ್ಠ ಹುಡುಕಿದರೆ ಆ ಊರಿಗೆ ಯಾವಾಗ ಜಾಸ್ತಿ ಮಳೆ ಅಂತ ಸಿಗುತ್ತದೆ. ಸರಾಸರಿ ನೋಡಿದರೆ ಆಗುಂಬೆಗೆ ಜುಲೈ, ಕೋಲಾರಕ್ಕೆ ಮುಂಗಾರು ಮುಗಿಯುವ ಹೊತ್ತು. ಕಂಬಸಾಲಿನ ಗರಿಷ್ಠ ಹುಡುಕಿದರೆ ಆ ತಿಂಗಳು ಎಲ್ಲಿ ಹೆಚ್ಚು ಸುರಿಯಿತು ಅಂತ ಗೊತ್ತಾಗುತ್ತದೆ. ಕೋಷ್ಟಕ ಒಂದೇ, ಪ್ರಶ್ನೆ ಎರಡು.

ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈಯಲ್ಲಿ ಗರಿಷ್ಠ ಹುಡುಕುವಾಗ ಆಕ್ಸಿಸ್ (ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬ ಸೂಚನೆ) 0 ಕೊಟ್ಟರೆ ಕಂಬಸಾಲಿಗೊಂದು ಉತ್ತರ, 1 ಕೊಟ್ಟರೆ ಅಡ್ಡಸಾಲಿಗೊಂದು. ಇದನ್ನು ಬಾಯಿಪಾಠ ಮಾಡಿದ ಮಕ್ಕಳು ಪರೀಕ್ಷೆಯಲ್ಲಿ ಉಲ್ಟಾ ಬರೆಯುತ್ತಾರೆ. 3 ಊರು, 12 ತಿಂಗಳಿದ್ದರೆ ಆಕ್ಸಿಸ್ 0ಗೆ 12 ಉತ್ತರ ಬರಬೇಕು. ಎಣಿಸಿದರೆ ಸಾಕು, ತಪ್ಪು ಕಾಣುತ್ತದೆ ಅಲ್ವಾ?

ಇನ್ನೊಂದು ವಿಷಯ. ಕೆಲವು ಮಾದರಿ ಉತ್ತರಗಳಲ್ಲಿ ಗರಿಷ್ಠವನ್ನು 0 ಎಂದು ಇಟ್ಟುಕೊಂಡು ಶುರು ಮಾಡಿ, ಅದಕ್ಕಿಂತ ದೊಡ್ಡ ಅಂಕಿ ಸಿಕ್ಕರೆ ಬದಲಿಸುತ್ತಾರೆ. ಮಳೆಗೆ ನಡೆಯುತ್ತದೆ. ಲೇಹ್‌ನ ಜನವರಿ ರಾತ್ರಿಯ ತಾಪಮಾನಕ್ಕೆ? ಅಲ್ಲಿ ಅಂಕಿಗಳೆಲ್ಲ ಸೊನ್ನೆಗಿಂತ ಕೆಳಗೆ. ಕೋಷ್ಟಕದಲ್ಲೇ ಇಲ್ಲದ 0 ಉತ್ತರವಾಗಿ ಬರುತ್ತದೆ. ಸಾಲಿನ ಮೊದಲ ಅಂಕಿಯಿಂದಲೇ ಶುರು ಮಾಡುವುದು ಸರಿ. ಹಾಗೆ ಬರೆದ ಮಕ್ಕಳಿಗೆ ‘ಮಾದರಿಯಂತಿಲ್ಲ’ ಎಂದು ದಯವಿಟ್ಟು ಅಂಕ ಕಳೆಯಬೇಡಿ.

– ಡಿಪ್ಲೊಮಾ ಉಪನ್ಯಾಸಕಿ, ಶಿವಮೊಗ್ಗ