ಈ ಭಾನುವಾರ ಎಮಿಲಿ ಅಜ್ಜಿಯ ಗೆಣಸಿನ ಚಿತ್ರ

ಎಲ್ಲರಿಗೂ ನಮಸ್ಕಾರ. ಈ ಸಲ ನೋಡೋದು ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದೆ ಎಮಿಲಿ ಕಾಮೆ ಉಂಗ್ವಾರೆ ಅವರ ಚಿತ್ರ. ಮೊದಲು ಬಾಟಿಕ್ (ಬಟ್ಟೆ ಮೇಲೆ ಮೇಣ ಹಚ್ಚಿ ಬಣ್ಣ ಹಾಕುವ ಕಲೆ) ಮಾಡುತ್ತಿದ್ದರು, ಕ್ಯಾನ್ವಾಸ್ ಹಿಡಿದಿದ್ದು ಎಪ್ಪತ್ತು ದಾಟಿದ ಮೇಲೆ, 1988ರ ಸುಮಾರಿಗೆ. 1996ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಸಾವಿರಾರು ಚಿತ್ರ ಬರೆದಿದ್ದರು! ಎಲ್ಲದರಲ್ಲೂ ಇರೋದು ಒಂದೇ, ಅವರ ಹಿರಿಯರ ನೆಲ ಅಲ್ಹಲ್ಕೆರೆ. ಕಾಮೆ ಅಂದರೆ ಅಲ್ಲಿನ ಕಾಡುಗೆಣಸಿನ ಬೀಜ, ಅದೇ ಅವರ ಹೆಸರು.

1995ರ ದೊಡ್ಡ ಗೆಣಸಿನ ಚಿತ್ರ ಕಳಿಸಿದ್ದೇನೆ. ಎಂಟು ಮೀಟರ್ ಅಗಲ, ಕಪ್ಪು ಹಿನ್ನೆಲೆ, ಬರೀ ಬಿಳಿ ಗೆರೆ. ಸುಮ್ನೆ ದೊಡ್ಡದು ಮಾಡಿ ಒಂದು ಗೆರೆ ಹಿಡಿದು ಹೋಗಿ, ಮಣ್ಣೊಳಗೆ ಬೇರು ಹುಡುಕಿದ ಹಾಗಿರುತ್ತೆ.

ದಯವಿಟ್ಟು ಈ ವಿನ್ಯಾಸವನ್ನು ಬ್ಲೌಸ್, ಬ್ಯಾಗಿಗೆ ನಕಲು ಮಾಡಬೇಡಿ. ಅದು ಆ ಮನೆತನದವರದ್ದು, ಅಲ್ವಾ? ಬೇರೆ ಗುಂಪಿಗೆ ಕಳಿಸಿದರೆ ಅವರ ಹೆಸರು ಹಾಕಿಯೇ ಕಳಿಸಿ.