ಡಾಂಬರಿಲ್ಲದ ದಾರಿಗಳ ಬಗ್ಗೆ ಅಪ್ಪನಿಗೆ

ಆಸೆನ್, ಡ್ರೆಂಟೆ ಪ್ರಾಂತ, ನೆದರ್‌ಲೆಂಡ್ಸ್
ಅಕ್ಟೋಬರ್, ಭಾನುವಾರ ಸಂಜೆ

ತೀರ್ಥರೂಪರಾದ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಮ್ಮನ ಆರೋಗ್ಯದ ಬಗ್ಗೆಯೂ ತಮ್ಮನ ಓದಿನ ಬಗ್ಗೆಯೂ ವಿವರವಾಗಿ ಬರೆಯಿರಿ.

ಕಳೆದ ವಾರ ಫೋನಿನಲ್ಲಿ ನೀವು, "ಅಷ್ಟು ನುಣುಪಾದ ಸೈಕಲ್ ದಾರಿಗಳಿರುವ ದೇಶದಲ್ಲಿದ್ದೂ ಮಣ್ಣು ಜಲ್ಲಿ ಹುಡುಕಿಕೊಂಡು ಯಾಕೆ ಹೋಗುತ್ತೀಯಮ್ಮ?" ಎಂದು ಕೇಳಿದಿರಿ. ಫೋನಿನಲ್ಲಿ ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಅದಕ್ಕಾಗಿ ಈ ಪತ್ರ. ಡಾಂಬರು ದಾರಿಯಲ್ಲಿ ನಾನು ಬೇಗ ಮುಟ್ಟುತ್ತೇನೆ, ನಿಜ. ಆದರೆ ಚಕ್ರದ ಕೆಳಗೆ ಮರಳು ಬಂದಾಗ, ಕಪ್ಪು ಮಣ್ಣು ಬಂದಾಗ, ಚಿಪ್ಪಿನ ಪುಡಿ ಬಂದಾಗ, ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳದೆ ಮುಂದೆ ಹೋಗಲು ಆಗುವುದಿಲ್ಲ. ಈ ಪ್ರಾಂತದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಹಾಗೆ ಕೇಳಿಕೊಂಡೇ ತಿಳಿದಿದ್ದೇನೆ.

ನನ್ನ ಸೈಕಲ್ಲನ್ನು ಇಲ್ಲಿ ಗ್ರಾವೆಲ್ ಸೈಕಲ್ ಎನ್ನುತ್ತಾರೆ. ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಕೆಳಗೆ ಬಾಗಿದೆ, ಟೈರು ಮಾತ್ರ 45 ಮಿಲಿಮೀಟರ್ ಅಗಲ. ಅದಕ್ಕೆ ಮೂವತ್ತು ಪೌಂಡಿನ ಆಸುಪಾಸಿನಲ್ಲಿ ಗಾಳಿ ತುಂಬಿಸಿದರೆ ಕಲ್ಲಿನ ಮೇಲೆ ಪುಟಿಯದೆ ಅಪ್ಪಿಕೊಂಡು ಹೋಗುತ್ತದೆ.

ನೀವು ಉದ್ಯೋಗದುದ್ದಕ್ಕೂ ನಾಲೆಯ ಏರಿಯ ಮೇಲೆ ಓಡಾಡಿದವರಾದ್ದರಿಂದ ಕಾಲುವೆಯಿಂದಲೇ ಆರಂಭಿಸುತ್ತೇನೆ. ನಾನು ಹೆಚ್ಚಾಗಿ ಹೋಗುವುದು ಒರಾನ್ಯೆ ಕಾಲುವೆಯ ದಡದಲ್ಲಿ. 1850ರ ದಶಕದಲ್ಲಿ ತೋಡಿದ, ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಈ ಕಾಲುವೆ ಹೊಲಕ್ಕೆ ನೀರು ಕೊಡಲು ಹುಟ್ಟಿದ್ದಲ್ಲ. ಪೂರ್ವದ ಜೌಗು ಬಯಲಿನಲ್ಲಿ ಸಾವಿರಾರು ವರ್ಷಗಳಿಂದ ನೀರಿನಡಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಪಾಚಿಯನ್ನು, ಇಲ್ಲಿಯವರು ಪೀಟ್ ಎನ್ನುವುದನ್ನು, ಇಟ್ಟಿಗೆಯಂತೆ ಕೊಯ್ದು ಒಣಗಿಸಿ ನಗರಗಳ ಒಲೆಗಳಿಗೆ ಸಾಗಿಸಲು ಅದನ್ನು ತೋಡಿದರು. ಮೊದಲು ಕಾಲುವೆ ಜೌಗಿನ ನೀರನ್ನು ಬಸಿಯುತ್ತದೆ, ನೆಲ ಗಟ್ಟಿಯಾದ ಮೇಲೆ ಅದೇ ನೀರಿನ ಮೇಲೆ ದೋಣಿಗಳು ಆ ನೆಲವನ್ನೇ ಹೊತ್ತುಕೊಂಡು ಹೋಗುತ್ತವೆ. ಒಂದೇ ತೋಡಿನಿಂದ ಎರಡು ಕೆಲಸ. ಇದನ್ನು ಓದಿದಾಗ ನನಗೆ ನಿಮ್ಮ ನೆನಪಾಯಿತು. ತೋಡಿದವರ ಕೈಯಲ್ಲಿದ್ದದ್ದು ಸಲಿಕೆ ಮಾತ್ರ. ದೋಣಿಗಳ ಓಡಾಟ 1970ರ ದಶಕದಲ್ಲಿ ನಿಂತಿತು, ಈಗ ನೀರಿನ ಅಂಚಿನಲ್ಲಿ ಲಾಳದ ಹುಲ್ಲು ಬೆಳೆದು ಬೂದು ಕೊಕ್ಕರೆಗಳು ನಿಂತಿರುತ್ತವೆ.

ಇಂಥ ಹಳೆಯ ಕಾಲುವೆಗಳ ಪಕ್ಕದ ದಾರಿಗೆ ಇಲ್ಲಿಯವರು ಯಾಗ್‌ಪಾಡ್ ಎನ್ನುತ್ತಾರೆ, ಎಂದರೆ ದೋಣಿ ಎಳೆಯುವವರ ದಾರಿ. ಎಂಜಿನ್ ಬರುವ ಮೊದಲು ದಡದ ಮೇಲಿನ ಕುದುರೆ ಹಗ್ಗ ಕಟ್ಟಿಕೊಂಡು ದೋಣಿಯನ್ನು ಎಳೆಯುತ್ತಿತ್ತು. ಕುದುರೆಗೆ ಹಣವಿಲ್ಲದ ಅಂಬಿಗನ ಹೆಂಡತಿ ಮಕ್ಕಳು ಎದೆಗೆ ಪಟ್ಟಿ ಬಿಗಿದುಕೊಂಡು ತಾವೇ ಎಳೆಯುತ್ತಿದ್ದರು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1883ರ ಶರತ್ಕಾಲದಲ್ಲಿ ಈ ಪ್ರಾಂತದಲ್ಲಿ ಕೆಲವು ತಿಂಗಳು ಇದ್ದಾಗ, ಹೋಗೆವೇನ್ ಊರಿನಿಂದ ನ್ಯೂ ಆಮ್ಸ್ಟರ್‌ಡಾಮ್ ಎಂಬ ಹಳ್ಳಿಗೆ ಹೀಗೆ ಎಳೆಯುವ ದೋಣಿಯಲ್ಲಿಯೇ ಪ್ರಯಾಣ ಮಾಡಿದ. ಎಳೆಯುವವರಿಗೆ ಏರು ಇಳಿತ ಇರಬಾರದು, ತಿರುವು ಇರಬಾರದು. ಆ ಕಾರಣಕ್ಕೆ ಈ ದಾರಿಗಳು ಇಷ್ಟು ಸಮ, ಇಷ್ಟು ನೇರ. ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ, ಆದರೆ ಎದುರುಗಾಳಿ ಬೀಸುವ ದಿನ ಗಾಳಿಗೆ ಅಡ್ಡವಾಗಿ ಒಂದು ಮನೆಯೂ ಇಲ್ಲದ ಹತ್ತು ಹನ್ನೆರಡು ಕಿಲೋಮೀಟರ್ ತುಳಿದು ಮುಗಿಸುವಾಗ, ಹಗ್ಗ ಎಳೆದ ಆ ಹೆಂಗಸರು ನನ್ನ ಜೊತೆಯಲ್ಲೇ ನಡೆಯುತ್ತಿದ್ದಾರೆ ಅನಿಸುತ್ತದೆ.

ದೊಡ್ಡ ಕಾಲುವೆಗೆ ಲಂಬವಾಗಿ, ಬಾಚಣಿಗೆಯ ಹಲ್ಲುಗಳಂತೆ, ಚಿಕ್ಕ ಕವಲುಗಾಲುವೆಗಳಿದ್ದವು. ಲಾರಿಗಳು ಬಂದ ಮೇಲೆ ಅವುಗಳಲ್ಲಿ ಹಲವನ್ನು ಮುಚ್ಚಿದರು. ಆದರೂ ಸಂಜೆಯ ಓರೆ ಬಿಸಿಲಿನಲ್ಲಿ ಹೊಲದ ನಡುವೆ ಉದ್ದಕ್ಕೆ ಒಂದು ಸಣ್ಣ ತಗ್ಗು ಕಂಡರೆ ಅಲ್ಲೊಂದು ಕಾಲುವೆ ಇತ್ತೆಂದು ಊಹಿಸಬಹುದು. ಸ್ಟಾಡ್ಸ್‌ಕನಾಲ್ ಕಡೆ ಹೋದಾಗ ಇನ್ನೊಂದು ಗೆರೆಯನ್ನೂ ದಾಟಿದೆ. 1615ರಲ್ಲಿ ಯೋಹಾನ್ ಸೆಮ್ಸ್ ಎಂಬ ಮೋಜಣಿದಾರ ಡ್ರೆಂಟೆಗೂ ಗ್ರೋನಿಂಗನ್ ಪ್ರಾಂತಕ್ಕೂ ನಡುವೆ, ಕಾಲಿಟ್ಟರೆ ಹೂತುಹೋಗುವ ಜೌಗಿನ ಮೇಲೆ, ನಕ್ಷೆಯಲ್ಲಿ ಎಳೆದ ನೇರ ಗಡಿ ಅದು. ನಾಲ್ಕು ಶತಮಾನ ಕಳೆದರೂ ಹೊಲಗಳ ಬದುಗಳು ಆ ಗೆರೆಗೆ ಬಂದು ನಿಲ್ಲುತ್ತವೆ.

ಈ ಹೊಲಗಳ ಮಣ್ಣಿನ ಕಥೆಯನ್ನು ಅಮ್ಮನಿಗೂ ಓದಿ ಹೇಳಿ, ಗೊಬ್ಬರದ ವಿಷಯದಲ್ಲಿ ನನಗಿಂತ ಅವರಿಗೆ ಹೆಚ್ಚು ತಿಳಿಯುತ್ತದೆ. ಪೀಟ್ ಕೊಯ್ಯುವಾಗ ಸುಡಲು ಬಾರದ ಮೇಲಿನ ಪದರವನ್ನು ತೆಗೆದಿಡುತ್ತಿದ್ದರು, ಕೆಲಸ ಮುಗಿದ ಮೇಲೆ ಅಡಿಯ ಮರಳಿನೊಡನೆ ಅದನ್ನು ಬೆರೆಸಿ ಹೊಲ ಮಾಡುತ್ತಿದ್ದರು. ಪೀಟ್ ಹೊತ್ತು ಗ್ರೋನಿಂಗನ್ ನಗರಕ್ಕೆ ಹೋದ ದೋಣಿಗಳು ಬರುವಾಗ ನಗರದ ಕಸ, ಬೀದಿಯ ಸಗಣಿ, ಪಾಯಿಖಾನೆಯ ಹೊಲಸು ತುಂಬಿಕೊಂಡು ಬರುತ್ತಿದ್ದವು. ಬರಡು ಮರಳು ಬೆಳೆಯುವ ನೆಲವಾದದ್ದು ಹಾಗೆ. ಈಗ ಅಲ್ಲಿ ಬೆಳೆಯುವ ಆಲೂಗಡ್ಡೆಯಲ್ಲಿ ಬಹುಪಾಲು ಊಟಕ್ಕಲ್ಲ, ಪಿಷ್ಟ ತೆಗೆಯಲು. ಅದಕ್ಕಾಗಿ ಬೆಳೆಗಾರರು 1919ರಲ್ಲಿ ಕಟ್ಟಿಕೊಂಡ ಅವೇಬೆ ಎಂಬ ಸಹಕಾರ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಈ ತಿಂಗಳು ಆಲೂಗಡ್ಡೆ ಅಗೆಯುವ ಕಾಲ. ಟ್ರ್ಯಾಕ್ಟರುಗಳು ಹೊಲದ ಕಪ್ಪು ಮಣ್ಣನ್ನು ದಾರಿಗೆ ತಂದು ಸುರಿಯುತ್ತವೆ, ಮೇಲೆ ತುಂತುರು ಬಿದ್ದರೆ ಸಾಬೂನಿನಂತೆ ಜಾರುತ್ತದೆ. ದಾರಿ ಅವರದು, ದುಡಿಯುತ್ತಿರುವವರು ಅವರು. ಟ್ರ್ಯಾಕ್ಟರ್ ಕಂಡ ಕೂಡಲೆ ಇಳಿದು ಬದಿಗೆ ನಿಲ್ಲುವುದು ನನ್ನ ಧರ್ಮ ಎಂದುಕೊಂಡಿದ್ದೇನೆ.

ಕಾಡಿನಲ್ಲೂ ಕುರುಚಲು ಬಯಲಿನಲ್ಲೂ ನನಗೆ ಅತಿ ಪ್ರಿಯವಾದದ್ದು ಚಿಪ್ಪಿನ ದಾರಿ. ಸಮುದ್ರದ ಕಪ್ಪೆಚಿಪ್ಪುಗಳನ್ನು ತಂದು ಹರಡಿ ದಮ್ಮಸು ಮಾಡಿರುತ್ತಾರೆ. ಮಳೆ ನೀರಿನಲ್ಲಿ ಸುಣ್ಣ ತುಸು ಕರಗಿ ಮತ್ತೆ ಗಟ್ಟಿಯಾಗುವುದರಿಂದ ವರ್ಷ ಕಳೆದಂತೆ ಚಿಪ್ಪುಗಳು ಒಂದನ್ನೊಂದು ಕಚ್ಚಿಕೊಂಡು ಗಾರೆಯ ನೆಲದಂತಾಗುತ್ತವೆ. ನೀರು ಮಾತ್ರ ಇಂಗಿಹೋಗುತ್ತದೆ. ಸಂಜೆ ಬೆಳಕು ಮಂದವಾಗುವಾಗ ಪೈನ್ ಮರಗಳ ನಡುವೆ ಆ ಬಿಳುಪು ಎಷ್ಟು ದೂರದಿಂದ ಕಾಣುತ್ತದೆಂದರೆ ದೀಪವೇ ಬೇಡ ಅನಿಸುತ್ತದೆ. ಇಲ್ಲಿಯ ಮಣ್ಣು ಹುಳಿ, ಚಿಪ್ಪು ಸುಣ್ಣ. ಹಾಗಾಗಿ ಸುತ್ತಲಿನ ಬಯಲಿನಲ್ಲಿ ಎಲ್ಲೂ ಇರದ, ಸುಣ್ಣ ಬಯಸುವ ಗಿಡಗಳು ಈ ದಾರಿಯ ಎರಡು ಅಂಚಿಗೆ ಮಾತ್ರ ಬೆಳೆದಿರುತ್ತವೆ. ದಾರಿಯೊಂದು ತನ್ನ ಅಗಲಕ್ಕೆ ತಕ್ಕಷ್ಟು ಬೇರೆ ನೆಲವನ್ನು ಮಾಡಿಕೊಂಡಿರುವುದನ್ನು ನಾನು ಬಾಗಿ ಕೂತು ನೋಡಿದ್ದೇನೆ.

ಕಾಲುವೆಗಳ ಸಮನೆಲ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಹೊಂಡ್ಸ್‌ರುಗ್ ಎಂಬ ಉದ್ದನೆಯ ದಿಬ್ಬ ಸಿಗುತ್ತದೆ. ನಾಯಿಯ ಬೆನ್ನು ಎಂದು ಅದರ ಅರ್ಥ. ಸುಮಾರು ಒಂದೂವರೆ ಲಕ್ಷ ವರ್ಷಗಳ ಹಿಂದೆ ಉತ್ತರದಿಂದ ಸರಿದುಬಂದ ಹಿಮರಾಶಿ ಸ್ಕ್ಯಾಂಡಿನೇವಿಯದ ಬಂಡೆಗಳನ್ನೂ ಜಿಗುಟು ಮಣ್ಣನ್ನೂ ಇಲ್ಲಿ ಬಿಟ್ಟುಹೋಯಿತು. ಮೇಲೆ ಮರಳು, ಅಡಿಯಲ್ಲಿ ನೀರು ಬಿಡದ ಆ ಜಿಗುಟು. ಮಳೆಗಾಲದಲ್ಲಿ ದಾರಿಯ ಮೇಲೆ ವಾರಗಟ್ಟಲೆ ಕೆರೆಯಂತೆ ನೀರು ನಿಲ್ಲುವುದಕ್ಕೆ ಅದೇ ಕಾರಣ. ಬೇಸಿಗೆಯಲ್ಲಿ ಮರಳು ಸಡಿಲಾಗಿ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಜೂನ್‌ನಲ್ಲಿ ನಾನು ಬಿದ್ದು ಮೊಣಕೈ ತರಚಿಕೊಂಡದ್ದು ಅಂಥ ಕಡೆಯೇ. ಆಗ ನಿಮಗೆ ಹೇಳಲಿಲ್ಲ, ಕ್ಷಮಿಸಿ. ಈಗ ಭಾರವನ್ನು ಹಿಂದಕ್ಕೆ ಹಾಕಿ, ಬ್ರೇಕ್ ಮುಟ್ಟದೆ, ಒಂದೇ ಸಮನೆ ತುಳಿಯುವುದನ್ನು ಕಲಿತಿದ್ದೇನೆ.

ಆ ಬಂಡೆಗಳನ್ನು ಐದು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಯ ಮೊದಲ ಬೇಸಾಯಗಾರರು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಸತ್ತವರಿಗೆ ಗೋರಿ ಕಟ್ಟಿದರು. ಹೂನೆಬೆಡ್ ಎನ್ನುವ ಇಂಥ ಗೋರಿಗಳು ದೇಶದಲ್ಲಿ 54 ಉಳಿದಿವೆ, ಅವುಗಳಲ್ಲಿ 52 ಈ ಪ್ರಾಂತದಲ್ಲೇ ಇವೆ. ಬೋರ್ಗರ್ ಊರಿನದು ಎಲ್ಲಕ್ಕಿಂತ ದೊಡ್ಡದು, ಇಪ್ಪತ್ತೆರಡು ಮೀಟರಿಗೂ ಉದ್ದ. ಹಲವು ಗೋರಿಗಳಿಗೆ ಬೇಲಿಯಿಲ್ಲ, ಕಾವಲಿಲ್ಲ. ಓಕ್ ಮರದ ನೆರಳಿನಲ್ಲಿ ಸೈಕಲ್ ಒರಗಿಸಿ ಕಲ್ಲಿನ ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಬಹುದು.

ಕಾಡುಗಳನ್ನು ಮೊದಲ ಸಲ ನೋಡಿದಾಗ ಅನಾದಿ ಕಾಲದವು ಎಂದುಕೊಂಡಿದ್ದೆ. ಅವು ನೂರು ವರ್ಷದ ಆಸುಪಾಸಿನವು. ಕುರಿ ಮೇಯುತ್ತಿದ್ದ ಕುರುಚಲು ಬಯಲಿನಲ್ಲೂ ಹಾರುವ ಮರಳಿನ ಮೇಲೂ ಸರ್ಕಾರದ ಅರಣ್ಯ ಇಲಾಖೆ ಸಾಲು ಸಾಲಾಗಿ ಪೈನ್ ನೆಡಿಸಿತು, 1930ರ ದಶಕದಲ್ಲಿ ಕೆಲಸವಿಲ್ಲದವರ ಕೈಯಿಂದ ಬಹಳಷ್ಟು ನೆಡಿಸಿತು. ದಕ್ಷಿಣದ ಲಿಂಬರ್ಗ್‌ನ ಕಲ್ಲಿದ್ದಲು ಗಣಿಗಳಲ್ಲಿ ಚಾವಣಿಗೆ ಊರುಗೋಲಾಗಿ ನಿಲ್ಲಿಸಲು ಪೈನ್ ಬೇಕಿತ್ತು. 1974ರಲ್ಲಿ ಕೊನೆಯ ಗಣಿಯೂ ಮುಚ್ಚಿತು, ಮರಗಳು ಉಳಿದುಕೊಂಡವು. ಈಗ ಅರಣ್ಯದವರು ಅಲ್ಲಲ್ಲಿ ಪೈನ್ ಕಡಿದು ಬೆಳಕು ಬಿಡುತ್ತಿದ್ದಾರೆ, ಓಕ್ ಮತ್ತು ಬರ್ಚ್ ತಾವಾಗಿ ಮೇಲೇಳುತ್ತಿವೆ. ಕಾಡುದಾರಿಗಳು ಚದುರಂಗದ ಮಣೆಯಂತೆ ಅಡ್ಡಡ್ಡ ಉದ್ದುದ್ದ ಇರುವುದಕ್ಕೂ ಆ ನೆಡುವಿಕೆಯೇ ಕಾರಣ.

ಹೋಗ್‌ಹಾಲೆನ್ ಬಳಿಯ ಕಾಡಿನಲ್ಲಿ ಮೊಬೈಲ್ ಆಫ್ ಮಾಡಿ ಎಂಬ ಫಲಕ ಬರುತ್ತದೆ. ಮುಂದೆ ಮರಗಳ ಮೇಲೆ ಇಪ್ಪತ್ತೈದು ಮೀಟರ್ ಅಗಲದ ಹದಿನಾಲ್ಕು ಬಟ್ಟಲುಗಳು ಸಾಲಾಗಿ ಆಕಾಶ ನೋಡುತ್ತ ನಿಂತಿವೆ. 1970ರಿಂದ ನಡೆಯುತ್ತಿರುವ ರೇಡಿಯೋ ದೂರದರ್ಶಕ ಅದು. ಅದರ ಪಕ್ಕದಲ್ಲೇ ವೆಸ್ಟರ್‌ಬೋರ್ಕ್ ಶಿಬಿರದ ನೆಲ. 1942ರಿಂದ 1944ರವರೆಗೆ ಜರ್ಮನ್ ಆಕ್ರಮಣಕಾರರು ಈ ದೇಶದ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನೂ ನೂರಾರು ರೋಮಾ ಮತ್ತು ಸಿಂಟಿ ಜನರನ್ನೂ ಇಲ್ಲಿಂದ ರೈಲಿನಲ್ಲಿ ಸಾವಿನ ಶಿಬಿರಗಳಿಗೆ ಕಳಿಸಿದರು. ಹಿಂತಿರುಗದವರಿಗಾಗಿ, ಒಬ್ಬೊಬ್ಬರಿಗೆ ಒಂದೊಂದರಂತೆ, 1,02,000 ಚಿಕ್ಕ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಅಲ್ಲಿ ನಾನು ಸೈಕಲ್ ತಳ್ಳಿಕೊಂಡು ನಡೆದೆ. ಆ ದಿನ ಮುಂದಿನ ದಾರಿ ಹಿಡಿಯಲು ಮನಸ್ಸಾಗದೆ ಮನೆಗೆ ತಿರುಗಿದೆ.

ದಾರಿ ತಪ್ಪುತ್ತೇನೆಂಬ ಭಯ ಅಮ್ಮನಿಗೆ ಬೇಡ. ಇಲ್ಲಿ ಸೈಕಲ್ ದಾರಿಗಳು ಕೂಡುವ ಪ್ರತಿ ಮುಖ್ಯ ಸ್ಥಳಕ್ಕೂ ಒಂದು ಸಂಖ್ಯೆಯಿದೆ. ಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಸಾಕು. ಗಡಿಯಾಚೆಯ ಬೆಲ್ಜಿಯಂನಲ್ಲಿ ಹ್ಯೂಗೋ ಬೋಲನ್ ಎಂಬ ಗಣಿ ಎಂಜಿನಿಯರ್ ಗಣಿಯೊಳಗಿನ ಸುರಂಗಗಳ ಗುರುತುಗಳಿಂದ ಈ ಕ್ರಮವನ್ನು ರೂಪಿಸಿದರು, 1990ರ ದಶಕದಲ್ಲಿ ಅದು ನೆಲದ ಮೇಲೆ ಬಂತು. ನಾನು ಸಂಖ್ಯೆ ಹಿಡಿದು ಹೋಗಿ ನಡುನಡುವೆ ಮಣ್ಣುದಾರಿಗೆ ಇಳಿಯುತ್ತೇನೆ. ಕುದುರೆ ಸವಾರರ ದಾರಿಗೆ ಹೋಗುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಕಾಡಿನೊಳಗೆ ಇರುವುದಿಲ್ಲ, ಹಕ್ಕಿಗಳು ಗೂಡು ಕಟ್ಟುವ ವಸಂತದ ತಿಂಗಳುಗಳಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡುವುದಿಲ್ಲ.

ನೀವು ಕೇಳಿದ ಎರಡನೆಯ ಪ್ರಶ್ನೆ ಉಳಿದಿದೆ: ಎತ್ತರದ ನೆಲದ ಕಾಲುವೆಗೆ ಬೇಸಿಗೆಯಲ್ಲಿ ನೀರು ಎಲ್ಲಿಂದ ಎಂದು. ಮಳೆಯ ನೀರು ಸಾಲದಾದಾಗ ಪಶ್ಚಿಮದ ಐಸೆಲ್‌ಮೇರ್ ಸರೋವರದ ನೀರನ್ನು ಪಂಪುಗಳಿಂದ ಒಂದು ಲಾಕ್‌ನಿಂದ (ಕಾಲುವೆಯ ಎರಡು ನೀರಿನ ಮಟ್ಟಗಳ ನಡುವಿನ ಬಾಗಿಲುಕಟ್ಟೆ) ಇನ್ನೊಂದು ಲಾಕ್‌ಗೆ, ಮೆಟ್ಟಿಲು ಹತ್ತಿಸಿದಂತೆ, ಮೇಲಕ್ಕೆ ಏರಿಸುತ್ತಾರೆ. ಮುಂದಿನ ಭಾನುವಾರ ಮೇಪಲ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಆಸೆನ್‌ಗೆ ಬರುವ ಹಳೆಯ ಕಾಲುವೆಯ ದಡ ಹಿಡಿದು ಒಂದೊಂದೇ ಲಾಕ್ ನೋಡುತ್ತ ಹಿಂತಿರುಗುತ್ತೇನೆ. ಬಾಗಿಲುಗಳ ಎತ್ತರ, ಮೇಲಿನ ಕೆಳಗಿನ ನೀರಿನ ಮಟ್ಟ, ದಡಕ್ಕೆ ಏನು ಕಟ್ಟಿದ್ದಾರೆ ಎಂಬುದನ್ನೆಲ್ಲ ಬರೆದುಕೊಂಡು ಬರುತ್ತೇನೆ. ಇನ್ನೇನು ಗಮನಿಸಬೇಕೆಂದು ಶನಿವಾರದೊಳಗೆ ಫೋನಿನಲ್ಲಿ ತಿಳಿಸಿ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು